‘ಬದಲಾವಣೆ’ ಹೊಡೆದು ‘ವೈಪರೀತ್ಯ’ ಮಾಡಿದರು: ಇದಕ್ಕೆ ಏನೆನ್ನಬೇಕು?

ತೊಕ್ಕೊಟ್ಟಿನ ಅನುವಾದಕಿ | ಸೋಮವಾರ, ರಾತ್ರಿ 9.10

ಇಲ್ಲಿ ಕಚೇರಿಯಲ್ಲಿ ಸವೆದವರೂ ಕಡಲಿಗೆ ಇಳಿದವರೂ ಪಾಠ ಹೇಳಿದವರೂ ಇದ್ದೀರಿ. ಹಾಗಾಗಿ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕರಾವಳಿಯ ಪಂಚಾಯತ್‌ಗಳಿಗೆ ಹಂಚುವ ಮಳೆಗಾಲದ ಮುನ್ನೆಚ್ಚರಿಕೆಯ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ನಲವತ್ತು ಪುಟ. ಪುಟಕ್ಕೆ ಇಷ್ಟು ಎಂದು ಸಂಭಾವನೆ. ಅದು ಇನ್ನೂ ಕೈಸೇರಿಲ್ಲ, ಆ ಕಥೆ ಬೇರೆ. ಮೂಲದಲ್ಲಿ ಹನ್ನೊಂದು ಕಡೆ ಬರುವ ಮಾತನ್ನು ನಾನು ‘ಹವಾಮಾನ ಬದಲಾವಣೆ’ ಎಂದು ಬರೆದಿದ್ದೆ. ಕರಡು ತಿದ್ದಿಕೊಂಡು ವಾಪಸು ಬಂತು. ಒಂಬತ್ತು ಕಡೆ ‘ಬದಲಾವಣೆ’ಗೆ ಗೀಟು ಹಾಕಿ ‘ವೈಪರೀತ್ಯ’ ಎಂದು ಬರೆದಿದ್ದರು. ಉಳಿದ ಎರಡು ಕಡೆ ವಾಕ್ಯವೇ ಮಾಯ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದಿದ್ದ ಸಾಲು ‘ಆಗಾಗ ಚಂಡಮಾರುತಗಳು ಬರುವುದುಂಟು’ ಎಂದಾಗಿತ್ತು. ಸಂಜೆ ಹೊತ್ತಿಗೆ ಮನೆಗೆ ಬರುವ ನೆಂಟರ ವಿಷಯ ಹೇಳಿದ ಹಾಗೆ.

ಫೋನ್ ಮಾಡಿ ಕೇಳಿದೆ. ಅಧಿಕಾರಿ ಸಭ್ಯರು. ‘ಮೇಡಂ, ಅದು ಮೇಲಿನವರ ವಿಷಯ, ನಮ್ಮ ಪುಸ್ತಕದಲ್ಲಿ ಏಕೆ?’ ಎಂದರು. ಬರೆಯಬಾರದೆಂದು ಮೇಲಿನವರು ಹೇಳಿದ್ದಾರೆಯೇ ಎಂದೆ. ‘ಹೇಳಿಲ್ಲ. ಹೇಳಿಸಿಕೊಳ್ಳುವ ತನಕ ಏಕೆ ಕಾಯಬೇಕು?’ ಎಂದರು. ಆ ಮಾತು ಮೂರು ದಿನದಿಂದ ನನ್ನ ತಲೆಯಲ್ಲಿ ಕುಳಿತಿದೆ.

ಅಮೆರಿಕದ ಫ್ಲಾರಿಡಾದಲ್ಲಿ ಹೀಗೆಯೇ ಆಗಿತ್ತು ಎಂದು ಓದಿದ ನೆನಪಿದೆ. ಆ ಪದ ಬಳಸಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರೆಂದು ಅಲ್ಲಿಯ ಪರಿಸರ ಇಲಾಖೆಯಲ್ಲಿ ಕೆಲಸ ಮಾಡಿದವರು 2015ರಲ್ಲಿ ಹೊರಗೆಡವಿದರು. ಆಗಿನ ಗವರ್ನರ್ ರಿಕ್ ಸ್ಕಾಟ್ ಅಂಥದ್ದೇನೂ ಇಲ್ಲ ಎಂದರು. ನಮ್ಮಲ್ಲಿಯೂ ಅದೇ ನಡೆದಿದೆಯೇ? ಅಥವಾ ಒಂದು ಪದಕ್ಕಾಗಿ ನಾನು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೇನೆಯೇ?

ಬೂತಾಯಿ ಪುಳಿಮುಂಚಿ | ರಾತ್ರಿ 9.25

ಹಣ ಕೈಗೆ ಬರುವ ತನಕ ವೈಪರೀತ್ಯವೇ ಇರಲಿ ಅಕ್ಕ. ಆಮೇಲೆ ಬದಲಾವಣೆ ತರೋಣ.

ವಾಯುಗುಣ ಮೇಷ್ಟರು | ರಾತ್ರಿ 10.05

ಅಮ್ಮಾ, ಇದು ಸಣ್ಣ ವಿಷಯವಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿಯೇ ನಿವೃತ್ತನಾದವನು ನಾನು. ಈ ಪದಗಳ ಜೊತೆ ನನ್ನದು ಹಳೆಯ ಜಗಳ.

ಪಠ್ಯಪುಸ್ತಕದಲ್ಲಿ ಹವಾಮಾನ ಬೇರೆ, ವಾಯುಗುಣ ಬೇರೆ. ಇವತ್ತು ಮಧ್ಯಾಹ್ನ ಸುರತ್ಕಲ್ಲಿನಲ್ಲಿ ಮಳೆ ಬಂತೇ ಎನ್ನುವುದು ಹವಾಮಾನ. ಸುರತ್ಕಲ್ಲಿನಲ್ಲಿ ಜೂನ್ ಎಂದರೆ ಮಳೆ ಎನ್ನುವುದು ವಾಯುಗುಣ. ಹತ್ತನೆಯ ತರಗತಿ ಮುಗಿಸಿದ ಮರುದಿನದಿಂದ ಯಾರೂ ವಾಯುಗುಣ ಎನ್ನುವುದಿಲ್ಲ. ಪತ್ರಿಕೆಗಳು ಎರಡನ್ನೂ ಹವಾಮಾನದ ಕೊಟ್ಟಿಗೆಗೆ ಕಟ್ಟಿದವು. ಹಾಗಾಗಿ ‘ಹವಾಮಾನ ಬದಲಾವಣೆ’ ಎಂದರೆ ನನ್ನ ತಾಯಿ ‘ಅದು ದಿನವೂ ಬದಲಾಗುತ್ತದಲ್ಲ’ ಎನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ, ಪದವೇ ಹಾಗಿದೆ.

ಇನ್ನು ವೈಪರೀತ್ಯ. ಕನ್ನಡ ಪತ್ರಿಕೆಗಳು ಇದನ್ನು ಏರುಪೇರು, ಬದಲಾವಣೆ ಎರಡೂ ಅರ್ಥಕ್ಕೆ ಬಳಸಿವೆ, ಕೆಟ್ಟ ಉದ್ದೇಶದಿಂದಲ್ಲ. ಆದರೆ ಅದು ವಿಪರೀತದಿಂದ ಹುಟ್ಟಿದ ಪದ. ಜ್ವರವು ವಿಪರೀತಕ್ಕೆ ಏರುತ್ತದೆ, ಇಳಿಯುತ್ತದೆ, ಮರುದಿನ ಗಂಜಿ ಊಟ. ಬದಲಾವಣೆ ಎಂದರೆ ಗಂಜಿ ಉಂಡರೂ ಹೋಗುವುದಿಲ್ಲ. ಅದು ಇನ್ನು ನಿಮ್ಮ ಮೈಯ ಸ್ಥಿತಿ. ವೈಪರೀತ್ಯಕ್ಕೆ ಒಂದು ವರ್ಷದ ಪರಿಹಾರ ಸಾಕು, ಬದಲಾವಣೆಗೆ ಊರಿನ ನಕ್ಷೆಯನ್ನೇ ತಿದ್ದಬೇಕು. ನಿಮ್ಮ ಅಧಿಕಾರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುವಂತಿದೆ. ನನ್ನ ಹಲವು ವಿದ್ಯಾರ್ಥಿಗಳಿಗಿಂತ ಚೆನ್ನಾಗಿ.

‘ಪ್ರಕೃತಿ ವಿಕೋಪ’ದ ಬಗ್ಗೆ ಹೇಳುವುದೇ ಬೇಡ. ಪ್ರಕೃತಿಗೆ ಕೋಪ ಬಂದಿದೆ ಎಂದ ಮೇಲೆ ಅರ್ಜಿ ಯಾರ ಮೇಲೆ ಕೊಡುವುದು?

ರ‍್ಯಾಲಿಯಲ್ಲಿರುವ ಕುಂದಾಪುರದವ | ಮಂಗಳವಾರ, ಬೆಳಿಗ್ಗೆ 6.40

ಇಲ್ಲಿ ಇನ್ನೂ ಸೋಮವಾರ ರಾತ್ರಿ. ನಾನಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಫ್ಲಾರಿಡಾದಲ್ಲಿ ಬಾಯಿಮಾತಿನಲ್ಲಿ ನಡೆದದ್ದನ್ನು ನಮ್ಮ ರಾಜ್ಯ ಕಾಯಿದೆ ಮಾಡಿಯೇ ನಡೆಸಿತು.

2010ರಲ್ಲಿ ಇಲ್ಲಿಯ ಕರಾವಳಿ ಆಯೋಗದ ವಿಜ್ಞಾನಿಗಳ ಸಮಿತಿಯು 2100ರ ಹೊತ್ತಿಗೆ ಕಡಲು 39 ಅಂಗುಲ, ಅಂದರೆ ಸುಮಾರು ಒಂದು ಮೀಟರ್, ಏರಬಹುದೆಂದು ಲೆಕ್ಕ ಹಾಕಿ ಯೋಜನೆಗಳೆಲ್ಲ ಅದನ್ನೇ ಹಿಡಿಯಲಿ ಎಂದಿತು. ಬೀಚಿನ ಬದಿಯ ಜಾಗಕ್ಕೆ ಬೆಲೆ ಬೀಳುತ್ತದೆಂದು ಕರಾವಳಿಯ ಕೌಂಟಿಗಳೂ ಕಟ್ಟಡ ಕಟ್ಟುವವರೂ ಎದ್ದರು. 2012ರಲ್ಲಿ ಬಂದ ಮಸೂದೆಯ ಮೊದಲ ಕರಡು ಹೇಳಿದ್ದೇನೆಂದರೆ, ಹಿಂದೆ ಕಡಲು ಎಷ್ಟು ಏರಿತೋ ಮುಂದೆಯೂ ಅದೇ ವೇಗದಲ್ಲಿ ಏರುತ್ತದೆಂದು ಲೆಕ್ಕ ಹಾಕಬೇಕು, ವೇಗ ಹೆಚ್ಚೀತೆಂದು ಊಹಿಸಬಾರದು. ಇಡೀ ದೇಶ ನಕ್ಕಿತು. ಕೊನೆಗೆ ಸ್ವಲ್ಪ ಮೆತ್ತಗೆ ಮಾಡಿ, ಹೆಚ್ಚಿದ ವೇಗದ ಲೆಕ್ಕವನ್ನು 2016ರ ತನಕ ನಿಯಮಗಳಲ್ಲಿ ಬಳಸುವಂತಿಲ್ಲ ಎಂದು ಮಾಡಿದರು. ಆಮೇಲೆ ಬಂದ ವಿಜ್ಞಾನಿಗಳ ವರದಿ ನೂರು ವರ್ಷ ಬಿಟ್ಟು ಮೂವತ್ತೇ ವರ್ಷದ ಲೆಕ್ಕ ಹೇಳಿತು. ಮೂವತ್ತು ವರ್ಷಕ್ಕೆ ಬರುವ ಅಂಕಿ ಸಣ್ಣದು, ಯಾರ ನಿದ್ದೆಯೂ ಕೆಡುವುದಿಲ್ಲ. ಸುಳ್ಳು ಹೇಳಿಸಲಿಲ್ಲ ನೋಡಿ, ಕಿಟಕಿಯನ್ನು ಕಿರಿದು ಮಾಡಿದರು.

ಮೇಷ್ಟರಿಗೆ ಒಂದು ತಮಾಷೆ. ‘ಜಾಗತಿಕ ತಾಪ ಏರಿಕೆ’ ಎಂದರೆ ಜನ ಹೆದರುತ್ತಾರೆ, ‘ಹವಾಮಾನ ಬದಲಾವಣೆ’ ಎಂದರೆ ಅಷ್ಟು ಹೆದರುವುದಿಲ್ಲ, ಅದನ್ನೇ ಬಳಸಿ ಎಂದು 2002ರಲ್ಲಿ ರಿಪಬ್ಲಿಕನ್ ಪಕ್ಷದವರಿಗೆ ಟಿಪ್ಪಣಿ ಬರೆದುಕೊಟ್ಟವರು ಫ್ರಾಂಕ್ ಲುಂಟ್ಸ್ ಎಂಬ ಸಲಹೆಗಾರ. ಅಂದರೆ ಅಕ್ಕ ಕಾಪಾಡಲು ಹೊರಟಿರುವ ಪದವೇ ಒಂದು ಕಾಲಕ್ಕೆ ಮೆತ್ತಗಿನ ಪದ. 2024ರಲ್ಲಿ ಫ್ಲಾರಿಡಾ ಆ ಮೆತ್ತಗಿನ ಪದವನ್ನೂ ರಾಜ್ಯದ ಕಾಯಿದೆಗಳಿಂದ ಬಹುಮಟ್ಟಿಗೆ ತೆಗೆದುಹಾಕಿತು.

ಅಧಿಕಾರಿಯ ಪೆನ್ನಿನ ವಿಷಯಕ್ಕೆ ಬಂದರೆ, ಅದರ ದೊಡ್ಡಪ್ಪ ಇದ್ದದ್ದು ವಾಷಿಂಗ್ಟನ್ನಿನಲ್ಲಿ. ಫಿಲಿಪ್ ಕೂನಿ ಎಂಬ ವಕೀಲರು ತೈಲ ಕಂಪನಿಗಳ ಒಕ್ಕೂಟದಲ್ಲಿದ್ದು ಶ್ವೇತಭವನದ ಪರಿಸರ ಮಂಡಳಿಗೆ ಬಂದವರು. ಸರಕಾರಿ ವಿಜ್ಞಾನಿಗಳ ವರದಿಗಳನ್ನು ಕೈಬರಹದಲ್ಲಿ ತಿದ್ದಿ, ಅನುಮಾನ ಸಣ್ಣದಿದ್ದಲ್ಲಿ ದೊಡ್ಡದು ಮಾಡುತ್ತಿದ್ದರು. 2005ರಲ್ಲಿ ಆ ಪುಟಗಳು ಪತ್ರಿಕೆಗೆ ಸಿಕ್ಕವು. ಅವರು ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ಎಕ್ಸಾನ್‌ಮೊಬಿಲ್ ಸೇರಿದರು. ಈಗ ಅಷ್ಟು ಕಷ್ಟಪಡುವವರಿಲ್ಲ. 2025ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹವಾಮಾನ ಮೌಲ್ಯಮಾಪನ ಎಂಬ ಸರಕಾರಿ ವರದಿ ಬರೆಯುತ್ತಿದ್ದ ನೂರಾರು ತಜ್ಞರನ್ನು ಒಂದೇ ಏಟಿಗೆ ಮನೆಗೆ ಕಳುಹಿಸಿದರು. ಹಳೆಯ ವರದಿಗಳಿದ್ದ ಜಾಲತಾಣವು ಜೂನ್ ಮುಗಿಯುವಾಗ ಬಾಗಿಲು ಹಾಕಿತು. ನೂರು ಕೋಟಿ ಡಾಲರ್ ಮೀರಿ ನಷ್ಟ ಮಾಡಿದ ವಿಪತ್ತುಗಳ ಪಟ್ಟಿಯೊಂದಿತ್ತು, 1980ರಿಂದ ಲೆಕ್ಕ ಇಟ್ಟದ್ದು. ಅದನ್ನು ಮೇ ತಿಂಗಳಲ್ಲೇ ನಿಲ್ಲಿಸಿದ್ದರು. ವಿಪತ್ತು ನಿಲ್ಲಲಿಲ್ಲ, ಲೆಕ್ಕ ನಿಂತಿತು.

ಬೈಕಂಪಾಡಿ ಹುಡುಗ | ಬೆಳಿಗ್ಗೆ 8.15

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ, ಬೈಯಬೇಡಿ.

ಉಳ್ಳಾಲದ ಕಡಲ್ಕೊರೆತಕ್ಕೆ ಕಾರಣವೇನೆಂದು ಅಲ್ಲಿಯ ಯಾವ ಹಿರಿಯರನ್ನಾದರೂ ಕೇಳಿ. ಅಳಿವೆ ಬಾಗಿಲಿನ ಎರಡೂ ಬದಿಗೆ ಕಡಲಿಗೆ ಚಾಚಿದ ಕಲ್ಲಿನ ದಂಡೆಗಳನ್ನು ತೋರಿಸುತ್ತಾರೆ. ಬೆಂಗ್ರೆ ಬದಿಯಲ್ಲಿ ಮರಳು ನಿಂತಿತು, ಉಳ್ಳಾಲ ಬದಿಯನ್ನು ಕಡಲು ತಿಂದಿತು. ನೇತ್ರಾವತಿ ತರುತ್ತಿದ್ದ ಮರಳಿಗೆ ತುಂಬೆಯಲ್ಲಿ ಅಣೆಕಟ್ಟು. ದಾಟಿ ಬಂದದ್ದನ್ನು ಲಾರಿ ಹೊತ್ತೊಯ್ಯಿತು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ಮತ್ತೆ ಕಲ್ಲು. ಈಗ ಇಲಾಖೆಯವರು ‘ಇದೆಲ್ಲ ಹವಾಮಾನ ಬದಲಾವಣೆ’ ಎಂದು ಬರೆದುಬಿಟ್ಟರೆ ಕಲ್ಲು ಹಾಕಿದವನೂ ಮರಳು ತೆಗೆದವನೂ ಪಾರು. ಕಾರ್ಬನ್ ಬಿಟ್ಟದ್ದು ಅಮೆರಿಕ, ಕೈ ತೊಳೆದುಕೊಂಡದ್ದು ಮಂಗಳೂರು. ಆ ಪದ ಹೊಡೆದದ್ದೇ ಒಳ್ಳೆಯದಾಯಿತು ಎನ್ನುತ್ತೇನೆ.

ತೊಕ್ಕೊಟ್ಟಿನ ಅನುವಾದಕಿ | ಬೆಳಿಗ್ಗೆ 8.50

ಬೈಯುವುದೇಕೆ ತಮ್ಮಾ, ಇದನ್ನು ನಾನು ಯೋಚಿಸಿರಲೇ ಇಲ್ಲ. ಆದರೆ ಪದ ಹೊಡೆದವರು ಅದರ ಜಾಗದಲ್ಲಿ ಕಲ್ಲಿನ ದಂಡೆಯ ಹೆಸರನ್ನೂ ಬರೆಯಲಿಲ್ಲವಲ್ಲ.

ಸುರತ್ಕಲ್ ವಿದ್ಯಾರ್ಥಿನಿ | ಬೆಳಿಗ್ಗೆ 10.30

ಬೈಕಂಪಾಡಿ ಅಣ್ಣ ಹೇಳಿದ್ದು ಅರ್ಧಕ್ಕಿಂತ ಹೆಚ್ಚು ನಿಜ. ನಮ್ಮ ಪಾಠದಲ್ಲಿಯೂ ಕೊರೆತದ ಮೊದಲ ಕಾರಣವಾಗಿ ಬರುವುದು ಮರಳಿನ ಓಟಕ್ಕೆ ಬಿದ್ದ ತಡೆಯೇ. ಆದರೆ ಉಳಿದರ್ಧ ಇದೆ.

ಕೇಂದ್ರ ಭೂ ವಿಜ್ಞಾನ ಸಚಿವಾಲಯವೇ 2020ರಲ್ಲಿ ಭಾರತದ ಹವಾಮಾನ ಬದಲಾವಣೆಯ ಬಗ್ಗೆ ದೊಡ್ಡ ವರದಿ ತಂದಿದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿ.ಮೀ.ನಂತೆ ಏರಿದೆ, ಅದಕ್ಕೆ ಹಿಂದಿನ ನೂರಿಪ್ಪತ್ತು-ನೂರಮೂವತ್ತು ವರ್ಷಗಳಲ್ಲಿ ಅದರ ಅರ್ಧದಷ್ಟೋ ಇನ್ನೂ ಕಡಿಮೆಯೋ ಇತ್ತು. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. 3.3 ಮಿ.ಮೀ. ಎಂದರೆ ನಗು ಬರುತ್ತದೆ, ಇಪ್ಪತ್ತೈದು ವರ್ಷಕ್ಕೆ ಅರ್ಧ ಗೇಣೂ ಆಗಲಿಲ್ಲ. ಆದರೆ ನಮ್ಮದು ಇಳಿಜಾರು ಕಡಿಮೆಯ ಮರಳು ದಂಡೆ. ನೀರು ಒಂದು ಅಡಿ ಮೇಲೇರಿದರೆ ದಡ ಹಿಂದೆ ಸರಿಯುವುದು ಹತ್ತಾರು ಅಡಿ. ಅದರ ಮೇಲೆ ಚಂಡಮಾರುತದ ಅಲೆ ಬಂದರೆ ಏನಾಗುತ್ತದೆ ಎನ್ನುವುದನ್ನು 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಎಲ್ಲರೂ ನೋಡಿದ್ದೇವೆ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ಚಂಡಮಾರುತಗಳನ್ನು ಲೆಕ್ಕ ಹಾಕಿದ್ದಾರೆ. ಅರಬ್ಬೀ ಸಮುದ್ರದಲ್ಲಿ ಅವುಗಳ ಸಂಖ್ಯೆ ಶೇ 52ರಷ್ಟು ಏರಿದೆ, ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಇಳಿದಿದೆ. ಅದೂ ಸರಕಾರಿ ಸಂಸ್ಥೆಯೇ. ಅಕ್ಕನ ‘ಹೆಚ್ಚುತ್ತಿವೆ’ ಎಂಬ ಪದವನ್ನು ಸರಕಾರವೇ ಅಳೆದು ಕೊಟ್ಟಿದೆ. ಒಂದು ಇಲಾಖೆ ಅಳೆದದ್ದನ್ನು ಇನ್ನೊಂದು ಇಲಾಖೆ ಅಳಿಸುತ್ತಿದೆ, ಅಷ್ಟೆ.

ಮಲ್ಪೆ ದಕ್ಕೆ | ಮಧ್ಯಾಹ್ನ 1.20

ತೌಕ್ತೆಯ ದಿನ ಕಾಪುವಿನ ಹೊರಗೆ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಲ್ಲಿ ಒಂಬತ್ತು ಜನ. ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಎತ್ತಿ ತಂದರು. ದಡದಲ್ಲಿ ನಿಂತು ನೋಡಿದ್ದೇನೆ, ಕಡಲು ಹಾಗೆ ನಿಂತದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ನಮಗೆ ಪದ ಮುಖ್ಯವಲ್ಲ ಮಾರಾಯರೇ, ದಿನ ಮುಖ್ಯ. ಜೂನ್ 1ರಿಂದ ಜುಲೈ 31 ನಿಷೇಧ. ಅದನ್ನು ಲೆಕ್ಕ ಹಾಕಿಯೇ ಸಾಲ ಮಾಡುತ್ತೇವೆ. ಉಳಿದ ಹತ್ತು ತಿಂಗಳಲ್ಲಿ ‘ಕಡಲಿಗೆ ಇಳಿಯಬೇಡಿ’ ಎಂಬ ಎಚ್ಚರಿಕೆ ಬಂದ ದಿನಗಳಿಗೆ ಬ್ಯಾಂಕಿನಲ್ಲಿ ಕಲಂ ಇಲ್ಲ. ಎಚ್ಚರಿಕೆ ತಪ್ಪೆನ್ನುವುದಿಲ್ಲ, 2017ರಲ್ಲಿ ಓಖಿ ಬಂದಾಗ ಕೇರಳದವರಿಗೆ ಅದು ಸಮಯಕ್ಕೆ ಮುಟ್ಟದೆ ಎಷ್ಟು ಜನ ಹೋದರು. ಡೀಸೆಲ್ ತುಂಬಿಸಿ ಐಸ್ ಹಾಕಿ ಕಟ್ಟಿಟ್ಟ ಬೋಟಿನ ಖರ್ಚು ಯಾರದ್ದು ಎಂದಷ್ಟೇ ನನ್ನ ಪ್ರಶ್ನೆ. ‘ಆಗಾಗ ಬರುವುದುಂಟು’ ಎಂದು ಬರೆದವರು ಬಂದು ಐಸ್‌ನ ಬಿಲ್ ಕೊಡಲಿ.

ಸ್ಟೇಟ್‌ಬ್ಯಾಂಕ್ ಕಂಡಕ್ಟರ್ | ಮಧ್ಯಾಹ್ನ 2.05

ಕಲಂ ಎಂದಾಗ ನೆನಪಾಯಿತು. ಕರಾವಳಿಯ ಕೇಂದ್ರದಲ್ಲಿ 37 ಡಿಗ್ರಿ ಮುಟ್ಟಿದರೆ ಮಾತ್ರ ಉಷ್ಣ ಅಲೆಯ ಲೆಕ್ಕಕ್ಕೆ ಬರುತ್ತದಂತೆ, ಅದೂ ವಾಡಿಕೆಗಿಂತ ಇಂತಿಷ್ಟು ಹೆಚ್ಚಿರಬೇಕಂತೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹೊರಗೆ 35 ಇದ್ದರೂ ಬಸ್ಸಿನೊಳಗೆ ಬೆವರಿಗೆ ಟಿಕೆಟ್ ಒದ್ದೆಯಾಗಿ ಹರಿಯುತ್ತದೆ. ತೇವಕ್ಕೆ ಲೆಕ್ಕವಿಲ್ಲ.

ನಿವೃತ್ತ ಶಿರಸ್ತೇದಾರ | ಸಂಜೆ 5.45

ಬೆಳಗಿನಿಂದ ಓದುತ್ತಿದ್ದೇನೆ. ಕಚೇರಿಯವರ ಪರವಾಗಿ ಒಬ್ಬನಾದರೂ ಮಾತನಾಡಬೇಕಲ್ಲ, ನಾನೇ ಆಡುತ್ತೇನೆ.

ನೀವೆಲ್ಲ ಅಂದುಕೊಂಡ ಹಾಗೆ ಆ ಅಧಿಕಾರಿ ಯಾವುದನ್ನೂ ಅಲ್ಲಗಳೆಯುತ್ತಿಲ್ಲ. ಅವರ ಮನೆಯ ಬಾವಿಯೂ ಮಾರ್ಚ್‌ನಲ್ಲಿ ಆರುತ್ತಿರಬಹುದು. ಅವರಿಗಿರುವ ಭಯ ಕಡಲಿನದ್ದಲ್ಲ, ಆಡಿಟ್‌ನದ್ದು. ಕಡತದಲ್ಲಿ ಒಂದು ಪದ ಹೊಸದಾಗಿ ಬಂದರೆ ಅದಕ್ಕೆ ಯಾವ ಸುತ್ತೋಲೆಯ ಆಧಾರ ಎಂದು ಕೇಳುತ್ತಾರೆ. ಹಳೆಯ ಪದಕ್ಕೆ ಯಾರೂ ಆಧಾರ ಕೇಳುವುದಿಲ್ಲ.

ಪರಿಹಾರದ ಕಡತ ಹೇಗೆ ನಡೆಯುತ್ತದೆ, ಕೇಳಿ. ನಾನು ಸೇವೆಯಲ್ಲಿದ್ದಾಗ ನಮ್ಮ ಮೇಜಿನ ಮೇಲಿದ್ದ ಕೇಂದ್ರದ ಪಟ್ಟಿಯಲ್ಲಿ ಹನ್ನೆರಡು ವಿಪತ್ತುಗಳು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದ ಹಾವಳಿ, ಶೀತಗಾಳಿ. ಹಿಮಕುಸಿತಕ್ಕೆ ಕಲಂ ಇದೆ, ಕಡಲ್ಕೊರೆತಕ್ಕೆ ಇಲ್ಲ. ಉಳ್ಳಾಲದಲ್ಲಿ ಹಿಮ ಬಿದ್ದರೆ ಪರಿಹಾರ ಕೊಡಬಲ್ಲೆ, ಕಡಲು ಬಂದರೆ ಕೊಡಲಾರೆ. ಗ್ರಾಮಕರಣಿಕರು ಮಹಜರು ಮಾಡಲು ಹೋಗುತ್ತಾರೆ. ಕಣ್ಣೆದುರಿಗೇ ಮನೆ ಅರ್ಧ ಕಡಲಲ್ಲಿದೆ. ಕಾರಣ ಎಂಬಲ್ಲಿ ‘ಭಾರೀ ಗಾಳಿ ಮಳೆ’ ಎಂದು ಬರೆಯುತ್ತಾರೆ. ಅದು ಸುಳ್ಳೇ. ಆ ಸುಳ್ಳು ಬರೆದದ್ದರಿಂದಲೇ ಆ ಮನೆಯವರಿಗೆ ನಾಲ್ಕು ಕಾಸು ಸಿಕ್ಕಿತು. ನಾನೇ ಎಷ್ಟು ಬರೆಸಿದ್ದೇನೆ.

ರಾಜ್ಯ ಮನಸ್ಸು ಮಾಡಿದರೆ ತನ್ನ ವಿಪತ್ತು ನಿಧಿಯ ಶೇ 10ರವರೆಗೆ ಸ್ಥಳೀಯ ವಿಪತ್ತುಗಳಿಗೆ ಖರ್ಚು ಮಾಡಬಹುದು. ಕೇರಳದವರು ಕಡಲ್ಕೊರೆತವನ್ನು ಹಾಗೆ ಘೋಷಿಸಿಕೊಂಡಿದ್ದಾರೆ. ತಲಪಾಡಿ ಗೇಟು ದಾಟಿದರೆ ಅದೇ ಕಡಲು ವಿಪತ್ತು.

ತೊಕ್ಕೊಟ್ಟಿನ ಅನುವಾದಕಿ | ಸಂಜೆ 6.30

ಸಾರ್, ನೀವು ಹೇಳಿದ ಆ ಮಹಜರು ನನ್ನ ಚಿಕ್ಕಮ್ಮನ ಮನೆಯದ್ದೂ ಆಗಿರಬಹುದು. ಉಚ್ಚಿಲದ ಕಡೆ. ನಾನು ಸಣ್ಣವಳಿದ್ದಾಗ ಅಂಗಳದಿಂದ ಕಡಲಿಗೆ ಮೂರು ಸಾಲು ತೆಂಗು. ನಾಲ್ಕು ವರ್ಷದ ಹಿಂದೆ ಅಡುಗೆಮನೆ ಹೋಯಿತು. ಅವರ ಕೈಯಲ್ಲಿರುವ ಕಾಗದದಲ್ಲಿ ‘ಗಾಳಿ ಮಳೆಯಿಂದ ಗೋಡೆ ಕುಸಿತ’ ಎಂದಿದೆ. ಆ ದಿನ ಮಳೆಯೇ ಇರಲಿಲ್ಲ ಎಂದು ಚಿಕ್ಕಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಹಣ ಬಂದದ್ದಕ್ಕಿಂತ ಆ ಸಾಲು ಅವರಿಗೆ ಹೆಚ್ಚು ನೆನಪಿದೆ. ಗೋಡೆ ಭದ್ರವಿರಲಿಲ್ಲ ಎಂದು ಬರೆದ ಹಾಗಾಯಿತಲ್ಲ, ಅದನ್ನು ಕಟ್ಟಿದ್ದು ನನ್ನ ಚಿಕ್ಕಪ್ಪ.

ಸುರತ್ಕಲ್ ವಿದ್ಯಾರ್ಥಿನಿ | ರಾತ್ರಿ 8.10

ಪದ, ಕಲಂ ಎರಡೂ ಆಯಿತು. ಗೆರೆಯನ್ನು ಬಿಟ್ಟಿದ್ದೀರಿ.

2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅಪಾಯ ರೇಖೆ ಎಂಬುದೊಂದಿತ್ತು. ಅಲೆ, ಉಬ್ಬರ, ದಡದ ಸರಿದಾಟ, ಕಡಲ ಮಟ್ಟದ ಏರಿಕೆ ಎಲ್ಲವನ್ನೂ ಸೇರಿಸಿ ಸರ್ವೇ ಆಫ್ ಇಂಡಿಯಾ ಎಳೆಯಬೇಕಾದ ಗೆರೆ ಅದು. 2019ರ ಅಧಿಸೂಚನೆಯಲ್ಲಿಯೂ ಅದು ಇದೆ, ಆದರೆ ನಿಯಂತ್ರಣಕ್ಕಲ್ಲ; ವಿಪತ್ತು ನಿರ್ವಹಣೆಗೆ ನೋಡಿಕೊಳ್ಳುವ ಸಾಧನವಾಗಿ. ಅದೇ ಅಧಿಸೂಚನೆಯಲ್ಲಿ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ದಡದಲ್ಲಿ ಕಟ್ಟಡ ಕಟ್ಟಬಾರದ ಜಾಗದ ಅಗಲ 200 ಮೀಟರಿನಿಂದ 50ಕ್ಕೆ ಇಳಿಯಿತು. ಕಡಲು ಮೇಲೆ ಬರುತ್ತಿದೆ ಎಂದು ಒಂದು ಸಚಿವಾಲಯ ಬರೆಯುವ ಮುನ್ನಾ ವರ್ಷ ಇನ್ನೊಂದು ಸಚಿವಾಲಯ ‘ಇನ್ನೂ ಸ್ವಲ್ಪ ಹತ್ತಿರ ಬನ್ನಿ’ ಎಂದಿತು.

ಮಲ್ಪೆ ದಕ್ಕೆ | ರಾತ್ರಿ 8.20

ತಂಗೀ, 200 ಮೀಟರಿನ ಕಾಲದಲ್ಲಿ ನಮ್ಮವರು ಮನೆಯ ಹಿಂದೆ ಒಂದು ಶೌಚಾಲಯ ಕಟ್ಟಲೂ ಅಲೆದಿದ್ದೇವೆ. ರೆಸಾರ್ಟಿನವರು ಅಲೆಯಲಿಲ್ಲ. ಇಳಿಸಿ ಎಂದು ಕೇಳಿದವರಲ್ಲಿ ನಾವೂ ಇದ್ದೆವು, ಅದನ್ನು ಮುಚ್ಚಿಡುವುದಿಲ್ಲ.

ಬೂತಾಯಿ ಪುಳಿಮುಂಚಿ | ರಾತ್ರಿ 8.40

2014ರ ಶಿಕ್ಷಕರ ದಿನ ಪ್ರಧಾನಿ ಮಕ್ಕಳ ಮುಂದೆ ಹೇಳಲಿಲ್ಲವೇ, ಹವಾಮಾನ ಬದಲಾಗಿಲ್ಲ, ನಾವು ಬದಲಾಗಿದ್ದೇವೆ, ವಯಸ್ಸಾದಂತೆ ಚಳಿ ಹೆಚ್ಚೆನಿಸುತ್ತದೆ ಎಂದು? ಅಧಿಕಾರಿಗೆ ಬೇರೆ ಸುತ್ತೋಲೆ ಏಕೆ?

ನಿರ್ವಾಹಕ | ರಾತ್ರಿ 8.55

ಪಕ್ಷದ ಜಗಳ ಬೇಡ. ಅದೇ ಪ್ರಧಾನಿಯ ಸರಕಾರ ಮರುವರ್ಷ ಪ್ಯಾರಿಸ್ ಒಪ್ಪಂದಕ್ಕೆ ಒಪ್ಪಿತು, ಮೇಲೆ ಹೇಳಿದ 2020ರ ವರದಿಯನ್ನೂ ತಂದಿತು. ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿಯನ್ನು ನಮ್ಮ ರಾಜ್ಯದಲ್ಲಿ ಎರಡೂ ಪಕ್ಷದ ಸರಕಾರಗಳು ಬೇಡವೆಂದವು. ವಯನಾಡು ಕುಸಿದು ಎರಡು ತಿಂಗಳೂ ಆಗಿರಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ಇನ್ನು ಯಾರಾದರೂ ಪಕ್ಷದ ಹೆಸರೆತ್ತಿದರೆ ಚರ್ಚೆಗೆ ಬೀಗ.

ರ‍್ಯಾಲಿಯಲ್ಲಿರುವ ಕುಂದಾಪುರದವ | ರಾತ್ರಿ 9.30

ಬೀಗ ಎಂದಾಗ ಉತ್ತರಾಖಂಡದ ಜೋಶಿಮಠ ನೆನಪಾಯಿತು. 2023ರ ಜನವರಿಯಲ್ಲಿ ಇಸ್ರೊದ ದೂರಸಂವೇದಿ ಕೇಂದ್ರವು ಹನ್ನೆರಡು ದಿನಗಳಲ್ಲಿ ಆ ಊರು 5.4 ಸೆಂ.ಮೀ. ಕುಸಿದಿದೆ ಎಂದು ಉಪಗ್ರಹದ ಚಿತ್ರ ಹಾಕಿತು. ತಜ್ಞರು ಮಾಧ್ಯಮದೊಡನೆ ಮಾತನಾಡಬಾರದು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಂಸ್ಥೆಗಳಿಗೆ ಬರೆಯಿತು. ಚಿತ್ರ ಇಳಿಯಿತು. ಅಲ್ಲಿಯ ಕುಸಿತಕ್ಕೆ ಕಾರಣಗಳು ಹಲವು, ಅದನ್ನು ಹವಾಮಾನದ ತಲೆಗೆ ಕಟ್ಟುತ್ತಿಲ್ಲ. ಬಾಯಿ ಮುಚ್ಚಿಸುವ ವಿಧಾನ ಮಾತ್ರ ನಾನು ಇಲ್ಲಿ ನೋಡುತ್ತಿರುವುದೇ.

ನಿವೃತ್ತ ಶಿರಸ್ತೇದಾರ | ರಾತ್ರಿ 10.15

ಅಮ್ಮಾ, ನಿಮ್ಮ ಕರಡಿನ ಗಡುವು ಯಾವಾಗ? ಪದದ ಜಗಳ ಬಿಡಿ, ಗೆಲ್ಲುವುದಿಲ್ಲ. ಆ ಹುಡುಗಿ ಕೊಟ್ಟ 3.3ರ ಅಂಕಿಯನ್ನೂ ಶೇ 52ರ ಅಂಕಿಯನ್ನೂ ಹಾಕಿ, ಎರಡೂ ಸಾಲಿನ ಆರಂಭದಲ್ಲಿ ‘ಭಾರತ ಸರಕಾರದ ಭೂ ವಿಜ್ಞಾನ ಸಚಿವಾಲಯದ ಪ್ರಕಾರ’ ಎಂದು ಸೇರಿಸಿ. ಪುಣೆಯ ಸಂಸ್ಥೆಯೂ ಅದೇ ಸಚಿವಾಲಯದ್ದು. ‘ಭಾರತ ಸರಕಾರದ’ ಎಂದು ಆರಂಭವಾಗುವ ಸಾಲನ್ನು ಹೊಡೆಯುವ ಪೆನ್ನನ್ನು ನಾನು ಮೂವತ್ತಾರು ವರ್ಷದಲ್ಲಿ ನೋಡಿಲ್ಲ.

ತೊಕ್ಕೊಟ್ಟಿನ ಅನುವಾದಕಿ | ಐದು ವಾರಗಳ ಬಳಿಕ, ಶುಕ್ರವಾರ

ಕೈಪಿಡಿ ಅಚ್ಚಾಗಿ ಬಂದಿದೆ. ಸಂಭಾವನೆಯೂ ಬಂತು, ಎರಡು ಪುಟದ್ದು ಕಡಿಮೆ; ಪೂರ್ತಿ ವಾಕ್ಯ ತೆಗೆದದ್ದರಿಂದ ಪುಟ ಕಡಿಮೆಯಾಯಿತಂತೆ.

‘ವೈಪರೀತ್ಯ’ ಒಂಬತ್ತೂ ಕಡೆ ಹಾಗೆಯೇ ಇದೆ. ಶಿರಸ್ತೇದಾರರು ಹೇಳಿದ ಎರಡು ಸಾಲುಗಳನ್ನು ಯಾರೂ ಮುಟ್ಟಿಲ್ಲ. ಬೈಕಂಪಾಡಿ ತಮ್ಮನಿಗಾಗಿ ‘ಅಳಿವೆಯ ಕಲ್ಲಿನ ದಂಡೆ ಮತ್ತು ಮರಳುಗಾರಿಕೆಯಿಂದಲೂ’ ಎಂದು ಸೇರಿಸಿದ್ದೆ. ಅದು ಮಾತ್ರ ಉಳಿಯಲಿಲ್ಲ.

ಆದರೆ ಹನ್ನೆರಡನೆಯ ಪುಟ ನೋಡಿ ಕುಳಿತಲ್ಲೇ ಬೆವರಿದೆ. ಅಚ್ಚಿನಲ್ಲಿ ಚುಕ್ಕೆ ಬಿದ್ದುಹೋಗಿದೆ. ಭಾರತ ಸರಕಾರದ ಭೂ ವಿಜ್ಞಾನ ಸಚಿವಾಲಯದ ಪ್ರಕಾರ ನಮ್ಮ ಕಡಲು ವರ್ಷಕ್ಕೆ 33 ಮಿ.ಮೀ. ಏರುತ್ತಿದೆ.

ಬೈಕಂಪಾಡಿ ಹುಡುಗ | ಐದು ನಿಮಿಷದ ಬಳಿಕ

ಅಂದರೆ ಇಪ್ಪತ್ತೈದು ವರ್ಷದಲ್ಲಿ ನನ್ನ ಸೊಂಟದ ತನಕ. ಇಷ್ಟು ಧೈರ್ಯವಾಗಿ ಯಾವ ಪರಿಸರವಾದಿಯೂ ಬರೆದಿಲ್ಲ ಅಕ್ಕಾ.

ಮಲ್ಪೆ ದಕ್ಕೆ | ಹತ್ತು ನಿಮಿಷದ ಬಳಿಕ

ಈ ಪುಸ್ತಕದ ಒಂದು ಪ್ರತಿ ಬ್ಯಾಂಕಿಗೆ ತೆಗೆದುಕೊಂಡು ಹೋಗಬೇಕು, ಇಟ್ಟಿರಿ.

ನಿವೃತ್ತ ಶಿರಸ್ತೇದಾರ | ಅದೇ ದಿನ, ಸಂಜೆ

ಹಂಚುವ ಮೊದಲು ತಿದ್ದೋಲೆ ಅಂಟಿಸಲು ಹೇಳಿ. ನಾಳೆ ಆಕ್ಷೇಪ ಬಂದರೆ ಅನುವಾದಕಿಯ ತಪ್ಪು ಎನ್ನುತ್ತಾರೆ.

ತೊಕ್ಕೊಟ್ಟಿನ ಅನುವಾದಕಿ | ಸೋಮವಾರ

ಹೇಳಿದೆ. ಆ ಸಭ್ಯ ಅಧಿಕಾರಿ ತಾವೇ ಬರೆದು, ಮೊಹರು ಹಾಕಿ ಕಳುಹಿಸಿದ್ದಾರೆ. ಯಥಾವತ್ತು ಕೊಡುತ್ತೇನೆ: ‘ಪುಟ 12, ಸಾಲು 4ರಲ್ಲಿ, ಹವಾಮಾನ ಬದಲಾವಣೆಯಿಂದಾಗಿ ಸಮುದ್ರ ಮಟ್ಟವು 33 ಮಿ.ಮೀ. ಏರುತ್ತಿದೆ ಎಂಬುದನ್ನು 3.3 ಮಿ.ಮೀ. ಎಂದು ಓದಿಕೊಳ್ಳತಕ್ಕದ್ದು.’

ನಾಲ್ಕನೆಯ ಸಾಲಿನಲ್ಲಿ ‘ಬದಲಾವಣೆ’ ಇಲ್ಲ. ಅವರೇ ಹೊಡೆದದ್ದು.